'ಪ್ರಾರ್ಥ್ನೆ ಮಾಡ್ತೀವಿ ಬಿಡಪ್ಪ'

ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ಎಂದಿನಂತೆ ನಾವೊಂದಿಷ್ಟು ಜನ ಚರ್ಚಿನ ಮುಂದಿನ ಗೇಟಿನ ಹತ್ತಿರ ಬೇವಿನ ಮರದ ನೆರಳಲ್ಲಿ ನಿಂತಿದ್ದೆವು. ನಮ್ಮದು ಬಳ್ಳಾರಿ ಕಂಟೋನ್ಮೆಂಟಿನ ಚರ್ಚು. ಆರಾಧನೆ ಒಂದೂವರೆ ಗಂಟೆಯಾದರೆ ಗೇಟಿನ ಮಾತು ಎರಡು ಗಂಟೆ. ಆಗ ಆ ಹುಡುಗ ಹಿಂದಿನ ಗೇಟಿನಿಂದ ಹೊರಗೆ ಹೋಗುವುದು ಕಂಡಿತು. ಆ ಕಡೆ ಆಟೋ ಸಿಗೋದಿಲ್ಲ, ರಸ್ತೆಯೂ ಸರಿಯಿಲ್ಲ, ಮನೆಗೆ ಹೋಗಬೇಕಾದರೆ ಸುತ್ತು ಹಾಕಬೇಕು. ಇಪ್ಪತ್ತಾರು ವರ್ಷದ ಹುಡುಗ, 2019ರಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದವನು. ಎರಡು ಕಡೆ ಗುತ್ತಿಗೆ ಕೆಲಸ ಮಾಡಿದ, ಎರಡೂ ಕಡೆ ಗುತ್ತಿಗೆ ಮುಗಿಯಿತು. ಈಗ ಒಂದು ವರ್ಷದಿಂದ ಮನೆಯಲ್ಲಿದ್ದಾನೆ.

ಅವನು ಯಾಕೆ ಹಿಂದಿನ ಗೇಟಿನಿಂದ ಹೋಗ್ತಾನೆ ಅಂತ ನನಗೆ ಗೊತ್ತು. 2011-12ರಲ್ಲಿ ನಾನೂ ಅದೇ ಗೇಟಿನಿಂದ ಹೋಗುತ್ತಿದ್ದೆ. ಮುಂದಿನ ಗೇಟಿನಲ್ಲಿ ನಾವಿರುತ್ತೇವಲ್ಲ, ಅದಕ್ಕೆ.

"ಏನಪ್ಪಾ, ಕೆಲ್ಸ ಏನಾರ ಆತಾ?"

"ಇಲ್ರೀ ಅಂಕಲ್."

"ಪ್ರಾರ್ಥ್ನೆ ಮಾಡ್ತೀವಿ ಬಿಡಪ್ಪ."

ಇಷ್ಟೇ ಮಾತು. ವಾರಕ್ಕೊಮ್ಮೆ, ಐದಾರು ಬಾಯಿಂದ. ಕೇಳಿದವರು ಯಾರೂ ಕೆಟ್ಟವರಲ್ಲ. ಅದರಲ್ಲಿ ನಾನೂ ಒಬ್ಬ, ಈ ವರ್ಷ ಕನಿಷ್ಠ ಮೂರು ಸಲ ಅವನಿಗೆ ಇದನ್ನೇ ಹೇಳಿದ್ದೇನೆ. ನನ್ನ ತಕರಾರು 'ಪ್ರಾರ್ಥನೆ' ಅನ್ನೋ ಪದದ ಮೇಲಲ್ಲ, ಕೊನೆಗೆ ಅಂಟಿಕೊಂಡಿರುವ ಆ 'ಬಿಡಪ್ಪ' ಮೇಲೆ. ಇನ್ನು ಆ ವಿಷಯ ಬಿಡು, ನಮ್ಮನ್ನೂ ಬಿಡು, ಮುಂದಿನವರ ಹತ್ತಿರ ಮಾತಾಡಬೇಕು. ಪ್ರಾರ್ಥನೆ ಅನ್ನೋದು ನಮ್ಮ ಬಾಯಲ್ಲಿ ಮಾತು ಮುಗಿಸುವ ಉಪಾಯ ಆಗಿಬಿಟ್ಟಿದೆ.

ನನ್ನ ಕಥೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ 'ಇವನಿಗೇನು ಗೊತ್ತು' ಅಂತೀರಿ. ಅದಿರು ಸಾಗಿಸುವ ಒಂದು ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಲಾರಿ ಟ್ರಿಪ್ಪುಗಳ ಲೆಕ್ಕ, ತೂಕದ ಚೀಟಿಗಳ ಲೆಕ್ಕ, ಡ್ರೈವರುಗಳ ಬತ್ತಾ. 2011ರ ಜುಲೈ 27ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. 29ರ ಶುಕ್ರವಾರ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಅದಿರು ಗಣಿಗಾರಿಕೆ ನಿಲ್ಲಿಸಿತು. 31ರ ಭಾನುವಾರ ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. ಆ ಭಾನುವಾರ ನಮ್ಮ ಗೇಟಿನಲ್ಲಿ ಮಾತೋ ಮಾತು. ಸೋಮವಾರ ನಮ್ಮ ಕಚೇರಿಗೆ ಬೀಗ.

ನಿಷೇಧ ತಪ್ಪು ಅಂತ ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳೋದಿಲ್ಲ. ಸಂಡೂರಿನ ಗುಡ್ಡಗಳನ್ನು ಹೆಂಗೆ ಬಗೆದರು, ಹೊಸಪೇಟೆ ರಸ್ತೆಯ ಪಕ್ಕದ ಹೊಲಗಳ ಮೇಲೆ ಎಂಥ ಕೆಂಪು ಧೂಳು ಕೂತಿತ್ತು ಅಂತ ನೋಡಿದವನು ನಾನು. ಆದರೆ ಗುಡ್ಡ ಬಗೆದವರ ಮನೆಯಲ್ಲಿ ಒಲೆ ಆರಲಿಲ್ಲ. ಆರಿದ್ದು ಕ್ಲೀನರ್ ಹುಡುಗರ ಮನೆಯಲ್ಲಿ, ಪಂಕ್ಚರ್ ಅಂಗಡಿಯವನ ಮನೆಯಲ್ಲಿ, ರಸ್ತೆ ಬದಿ ಚಹಾ ಮಾರುವವಳ ಮನೆಯಲ್ಲಿ, ನನ್ನಂಥ ಗುಮಾಸ್ತರ ಮನೆಯಲ್ಲಿ. ಸಾಲ ಮಾಡಿ ಕೊಂಡ ಲಾರಿಗಳು ಸಾಲಾಗಿ ನಿಂತಲ್ಲೇ ನಿಂತವು.

ಎರಡು ತಿಂಗಳಾದ ಮೇಲೆ ಒಂದು ಉಪವಾಸ ಪ್ರಾರ್ಥನೆಯಲ್ಲಿ ನನ್ನನ್ನು ಮುಂದೆ ಕರೆದರು. ಮಂಡಿಯೂರಿ ಕೂತೆ. ಹಿರಿಯರೊಬ್ಬರು ತಲೆ ಮೇಲೆ ಕೈಯಿಟ್ಟು, ಕರ್ತನೇ, ಈ ಮಗನಲ್ಲಿರುವ ಆಲಸ್ಯದ ಆತ್ಮವನ್ನು ಬಿಡಿಸು, ಅವನ ಗುಪ್ತ ಪಾಪಗಳನ್ನು ಹೊರಗೆ ತಾ ಅಂತ ಶುರು ಮಾಡಿದರು. ಹಿಂದೆ ಹೆಂಡತಿ ಕೂತಿದ್ದಾಳೆ, ಅಮ್ಮ ಕೂತಿದ್ದಾಳೆ. ದೇಶದ ಅತಿದೊಡ್ಡ ನ್ಯಾಯಾಲಯ ಕೊಟ್ಟ ಆದೇಶವನ್ನು ಆ ಮನುಷ್ಯ ನನ್ನ ಒಳಗಿಂದ ಓಡಿಸಲು ಹತ್ತು ನಿಮಿಷ ಬೆವರು ಸುರಿಸಿದರು. ಈಗ ನಗು ಬರುತ್ತೆ. ಅವತ್ತು ಮನೆಗೆ ಬಂದು, ನನ್ನ ಯಾವ ಪಾಪಕ್ಕೆ ಗಣಿ ಮುಚ್ಚಿತು ಅಂತ ರಾತ್ರಿಯೆಲ್ಲ ಲೆಕ್ಕ ಹಾಕಿದೆ. ನಿಜವಾಗಿಯೂ ಹಾಕಿದೆ. ಹಸಿದವನಿಗೆ ಯಾರು ಏನು ಹೇಳಿದರೂ ಒಳಗೆ ಇಳಿಯುತ್ತೆ.

ನಮ್ಮ ಜನ ದಿನಾ ಬೈಬಲ್ ಓದುವವರು. ಅದರಲ್ಲಿ ಕೆಲಸ ಸಿಗದವನ ಮಾತು ನೇರವಾಗಿ ಬರುವ ಜಾಗ ಮತ್ತಾಯ 20ನೇ ಅಧ್ಯಾಯ. ದ್ರಾಕ್ಷಿತೋಟದ ಯಜಮಾನ ಬೆಳಗಿನಿಂದ ಸಂಜೆವರೆಗೆ ಐದು ಸಲ ಸಂತೆಬೀದಿಗೆ ಹೋಗಿ ಕೂಲಿಯವರನ್ನು ಕರೀತಾನೆ. ಕೊನೆಯ ಸಲ ಹೋದಾಗ ಹೊತ್ತು ಮುಳುಗಲು ಒಂದು ಗಂಟೆ ಬಾಕಿ. ದಿನವೆಲ್ಲ ಯಾಕೆ ಸುಮ್ಮನೆ ನಿಂತಿದ್ದೀರಿ ಅಂತ ಅವನೂ ನಮ್ಮ ಗೇಟಿನ ಪ್ರಶ್ನೆಯನ್ನೇ ಕೇಳ್ತಾನೆ. ಯಾರೂ ನಮ್ಮನ್ನು ಕರೀಲಿಲ್ಲ ಅನ್ನೋದು ಅವರ ಉತ್ತರ. ಯಜಮಾನ ಆ ಉತ್ತರವನ್ನು ಹಾಗೇ ಒಪ್ಪಿಕೊಳ್ಳುತ್ತಾನೆ. ನಿಮ್ಮಲ್ಲಿ ವಿಶ್ವಾಸ ಸಾಲದು ಅನ್ನೋದಿಲ್ಲ, ಬೆಳಿಗ್ಗೆ ಬೇಗ ಎದ್ದಿದ್ರಾ ಅಂತ ವಿಚಾರಿಸೋದಿಲ್ಲ. ತೋಟಕ್ಕೆ ಕಳಿಸಿ, ಸಂಜೆಗೆ ಪೂರ್ತಿ ದಿನದ ಕೂಲಿ ಕೊಡ್ತಾನೆ. ಇದು ಪರಲೋಕ ರಾಜ್ಯದ ಸಾಮ್ಯ, ಕೃಪೆಯ ವಿಷಯ, ಕೂಲಿಯ ವಿಷಯ ಅಲ್ಲ ಅಂತ ನಮ್ಮ ಪ್ರಸಂಗಗಳಲ್ಲಿ ಹೇಳ್ತಾರೆ. ಇರಬಹುದು. ಆದರೆ ಬೆಳಗಾಗುವಾಗ ಬುತ್ತಿ ಹಿಡಿದು ಗಾರೆ ಕೆಲಸಕ್ಕೆ ಕರೆಯುವವರಿಗಾಗಿ ಕಾದು ನಿಂತು, ಹತ್ತು ಗಂಟೆಗೆ ಬುತ್ತಿ ಸಮೇತ ಮನೆಗೆ ವಾಪಸಾಗುವ ಜನ ನಮ್ಮ ಬಳ್ಳಾರಿಯಲ್ಲೇ ಇದ್ದಾರೆ. ಕೃಪೆ ಹೇಗಿರುತ್ತೆ ಅಂತ ತೋರಿಸಲು ಯೇಸು ಆರಿಸಿಕೊಂಡಿದ್ದು ಅಂಥವರನ್ನು.

ಇದನ್ನು ಬಿಟ್ಟು ನಾವು ಹಿಡಿದುಕೊಂಡಿರೋದು ಬೇರೆ ವಾಕ್ಯಗಳನ್ನು. ಕೆಲಸ ಮಾಡದವನು ಉಣ್ಣಬಾರದು ಅಂತ ಪೌಲ ಹೇಳಿದ್ದಾನಂತೆ. ಥೆಸಲೋನಿಕದವರಿಗೆ ಬರೆದ ಆ ಎರಡನೇ ಪತ್ರಿಕೆಯನ್ನು ತೆಗೆದು ನೋಡಿ. ಕೆಲಸ ಮಾಡಲು ಮನಸ್ಸಿಲ್ಲದವನ ಮಾತು ಅದು, ಕೆಲಸ ಸಿಗದವನದ್ದಲ್ಲ. ಆ ವ್ಯತ್ಯಾಸ ಗೊತ್ತಿಲ್ಲದೇ ಅದನ್ನು ಇನ್ನೊಬ್ಬರ ಊಟದ ತಟ್ಟೆಯ ಮುಂದೆ ಹೇಳುವವರನ್ನು ಕಂಡಿದ್ದೇನೆ.

ಇನ್ನೊಂದು, ಯೆರೆಮೀಯ 29:11. ನಿಮಗೆ ಒಳ್ಳೇ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವ ಯೋಚನೆ ನನಗುಂಟು ಅನ್ನುವ ಅರ್ಥದ ವಾಕ್ಯ. ಕೆಲಸ ಹೋದ ಯಾವ ಕ್ರೈಸ್ತನ ವಾಟ್ಸಾಪಿಗೂ ಇದು ಬರದೇ ಉಳಿದಿಲ್ಲ. ಹೂವಿನ ಚಿತ್ರ, ಸೂರ್ಯೋದಯ, ಕೆಳಗೆ ವಾಕ್ಯ. ಬಾಬೆಲಿಗೆ ಸೆರೆಯಾಗಿ ಹೋದ ಒಂದು ಇಡೀ ಜನಾಂಗಕ್ಕೆ ಪ್ರವಾದಿ ಬರೆದ ಪತ್ರ ಅದು. ಅದರ ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷ ಆಗಬೇಕು ಅಂತಿದೆ. ಆ ವಚನವನ್ನು ಹೂವಿನ ಚಿತ್ರದ ಮೇಲೆ ಹಾಕಿ ಯಾರೂ ಕಳಿಸೋದಿಲ್ಲ. ಇನ್ನೂ ಐದು ವಚನ ಹಿಂದೆ ಹೋದರೆ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ನೀವಿರುವ ಊರಿನ ಕ್ಷೇಮ ನೋಡಿ ಅಂತ ಇದೆ. ಅಂದರೆ ಆ ಪತ್ರ ಕಾಯುವವನ ಕೈಗೆ ಕೆಲಸ ಕೊಡುತ್ತೆ. ನಾವು ಕೊಡೋದು ಸೂರ್ಯೋದಯ.

ಸರಿ, ದುಡ್ಡಿನ ವಿಷಯಕ್ಕೆ ಬರೋಣ. ಅದೇ ವರ್ಷ ಊರಿಗೆ ಬಂದ ಒಬ್ಬ ದೊಡ್ಡ ಪ್ರಸಂಗಿ ಮೈದಾನದಲ್ಲಿ ಮೂರು ರಾತ್ರಿ ಕೂಟ ನಡೆಸಿದ. ಕೆಲಸ ಇಲ್ಲದವರು ಎದ್ದು ನಿಲ್ಲಿ ಅಂದ. ನಿಂತೆವು, ಆ ವರ್ಷ ಬಳ್ಳಾರಿಯಲ್ಲಿ ಕಡಿಮೆ ಜನವೇ? ನಿಮಗೆ ಬರಬೇಕಾದ ಸಂಬಳವನ್ನು ಮನಸ್ಸಿನಲ್ಲಿ ನೆನೆಸಿ, ಅದರ ಒಂದು ಪಾಲನ್ನು ಈಗಲೇ ಬೀಜದ ಕಾಣಿಕೆಯಾಗಿ ಹಾಕಿ, ನೂರುಪಟ್ಟು ಬೆಳೆಯುತ್ತೆ ಅಂದ. ನಮ್ಮಮ್ಮ ಚೀಟಿ ಕಟ್ಟಲು ಇಟ್ಟಿದ್ದ ಎರಡು ಸಾವಿರ ರೂಪಾಯಿ ಹಾಕಿ ಬಂದಳು. ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ. ಬೇಸಾಯ ಗೊತ್ತಿದ್ದವಳು ಅವಳು, ಬೀಜ ಅಂದ ಕೂಡಲೇ ನಂಬಿದಳು. ಇಂಥವರನ್ನು ಬೈಯೋದು ನಮ್ಮಂಥ ಹಳೇ ಚರ್ಚಿನವರಿಗೆ ಸುಲಭ. ಅಮ್ಮ ಆ ಮೈದಾನಕ್ಕೆ ಯಾಕೆ ಹೋದಳು ಅಂತಲೂ ಕೇಳಿಕೊಳ್ಳಬೇಕು. ನಮ್ಮ ಚರ್ಚಿನಲ್ಲಿ ಮಗನ ಹೆಸರು ಪ್ರಾರ್ಥನೆಯ ಚೀಟಿ ಪೆಟ್ಟಿಗೆಯೊಳಗೆ ಬಿದ್ದು ಅಲ್ಲೇ ಇತ್ತು. ಆ ಪ್ರಸಂಗಿ ಕಳ್ಳನಾದರೂ ಅವಳನ್ನು ನೋಡಿ ಮಾತಾಡಿದ.

ನಮ್ಮವರೆಲ್ಲ ಹಾಗೇ ಇದ್ದರು ಅಂದರೆ ಸುಳ್ಳಾಗುತ್ತೆ. ನಿವೃತ್ತ ರೈಲ್ವೆ ಗಾರ್ಡ್ ಒಬ್ಬರಿದ್ದರು, ನಾವೆಲ್ಲ ತಾತ ಅಂತಲೇ ಕರೀತಿದ್ವಿ. ಈಗಿಲ್ಲ. ಚರ್ಚಿನಲ್ಲಿ ಬಾಯಿಬಿಟ್ಟು ಪ್ರಾರ್ಥನೆ ಮಾಡಿದವರೇ ಅಲ್ಲ, ಕೊನೆಯ ಬೆಂಚಿನವರು. ಒಂದು ಮಂಗಳವಾರ ಬೆಳಿಗ್ಗೆ ಹಳೇ ಸ್ಕೂಟರಿನಲ್ಲಿ ಮನೆಗೆ ಬಂದರು. ಕೂತ ಕೂಡಲೇ ಕೇಳಿದ್ದು, "ಬಾಡಿಗಿ ಎಷ್ಟು ತಿಂಗ್ಳದ್ದು ನಿಂತೈತಪ್ಪ?" ಮೂರು ಅಂದೆ. "ಹುಡುಗ್ರ ಫೀಸು?" ಅದೂ ಹೇಳಿದೆ. ಆಮೇಲೆ ಕಣ್ಣು ಮುಚ್ಚಿದರು. ದೇವರೇ, ಇವನ ಮನೆ ಬಾಡಿಗೆ ಇಷ್ಟು, ಫೀಸು ಇಷ್ಟು, ಇದರಲ್ಲಿ ಇಷ್ಟು ನನ್ನ ಹತ್ತಿರ ಐತೆ, ಉಳಿದದ್ದಕ್ಕೆ ನೀನು ದಾರಿ ತೋರಿಸು ಅಂದರು. ಅಷ್ಟೇ, ಒಂದು ನಿಮಿಷವೂ ಆಗಲಿಲ್ಲ. ದೇವರ ಮುಂದೆ ರೂಪಾಯಿ ಲೆಕ್ಕ ಇಟ್ಟು ಮಾಡಿದ ಪ್ರಾರ್ಥನೆಯನ್ನು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ "ಅಂಗಿ ಹಾಕ್ಕ, ನಡಿ" ಅಂದರು. ಅವತ್ತಿನಿಂದ ವಾರಕ್ಕೊಂದು ದಿನ ಸ್ಕೂಟರ್ ಹಿಂದೆ ಕೂರಿಸಿಕೊಂಡು ತಮ್ಮ ಪರಿಚಯದವರ ಹತ್ತಿರ ಕರೆದುಕೊಂಡು ಹೋದರು. ಮೊದಲ ನಾಲ್ಕು ಕಡೆ ಏನೂ ಆಗಲಿಲ್ಲ. ಒಂದು ಕಡೆಯಂತೂ ಒಂದು ತಾಸು ಹೊರಗೆ ನಿಲ್ಲಿಸಿ ವಾಪಸ್ ಕಳಿಸಿದರು. ಎಪ್ಪತ್ತು ದಾಟಿದ ಮನುಷ್ಯ ನನ್ನ ಜೊತೆ ಬಿಸಿಲಲ್ಲಿ ನಿಂತಿದ್ದರು. ಕೊನೆಗೆ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಹಿಂದಿನ ಸಂಬಳದ ಅರ್ಧ. ದಿನಾ ಬಸ್ಸಿನಲ್ಲಿ ಹೋಗಿ ಬರಬೇಕು. 2012ರ ಅಕ್ಟೋಬರಿನಲ್ಲಿ ಸೇರಿದೆ, ಹದಿನಾಲ್ಕು ತಿಂಗಳಾಗಿತ್ತು.

ಕೆಲಸ ಸಿಕ್ಕ ಸುದ್ದಿ ಕೇಳಿ ಸಾಕ್ಷಿ ಹೇಳಲು ಕರೆದರು. ಹಿಂದಿನ ದಿನ ಒಬ್ಬರು ಬಂದು ಸೂಕ್ಷ್ಮವಾಗಿ ಹೇಳಿಹೋದರು: ಮನುಷ್ಯರ ಹೆಸರು ತೆಗೀಬೇಡಪ್ಪ, ಮಹಿಮೆ ದೇವರಿಗೇ ಸಲ್ಲಲಿ. ನಾನೂ ಹೇಡಿ. ಸ್ಕೂಟರಿನ ವಿಷಯ ಹೇಳಲಿಲ್ಲ. ದೇವರು ಬಾಗಿಲು ತೆರೆದ ಅಂದೆ, ಎಲ್ಲರೂ ಸ್ತೋತ್ರ ಅಂದರು. ತಾತ ಕೊನೆಯ ಬೆಂಚಿನಲ್ಲಿ ಕೂತು ಅವರೂ ಸ್ತೋತ್ರ ಅಂದರು. ಅದು ನನಗೆ ಇವತ್ತಿಗೂ ಚುಚ್ಚುತ್ತೆ. ಅವತ್ತು ಆ ಸಭೆಯಲ್ಲಿ ಇನ್ನೂ ಕೆಲಸ ಸಿಗದವರು ಎಷ್ಟು ಜನ ಇದ್ದರೋ! ಗೆದ್ದವನಿಗೆ ಮಾತ್ರ ಮೈಕು ಕೊಡುವ ಸಭೆಯಲ್ಲಿ ಅವರಿಗೆ ಕೇಳಿಸಿದ್ದು ಒಂದೇ: ಇವನ ಪ್ರಾರ್ಥನೆ ದೇವರಿಗೆ ಮುಟ್ಟಿತು, ನಿನ್ನದು ಮುಟ್ಟಲಿಲ್ಲ.

ಇದನ್ನೆಲ್ಲ ಕಮಿಟಿಯಲ್ಲಿ ಒಮ್ಮೆ ಹೇಳಿದ್ದಕ್ಕೆ ಒಬ್ಬರು, "ಚರ್ಚೇನು ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಾ ಬ್ರದರ್?" ಅಂದರು. ಹೌದು ಬ್ರದರ್, ಆಗಿತ್ತು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತರಲು ಕೂತ. 1846ರಲ್ಲಿ ವಾರ್ಡ್ಲಾ ಶಾಲೆ ಶುರುವಾಯಿತು. ನಮ್ಮ ಅಜ್ಜಂದಿರು ಅಕ್ಷರ ಕಲಿತದ್ದು ಇಂಥ ಮಿಷನ್ ಶಾಲೆಗಳಲ್ಲಿ. ಆ ಅಕ್ಷರದ ಜೊತೆಗೆ ಅಯ್ಯನವರ ಒಂದು ಚೀಟಿಯೂ ಸಿಗುತ್ತಿತ್ತು, 'ಈತ ನಂಬಿಗಸ್ತ, ಕೆಲಸ ಕೊಡಬಹುದು' ಅಂತ. ನಮ್ಮ ತಾತ ಗುಮಾಸ್ತರಾದದ್ದು ಅಂಥ ಚೀಟಿಯಿಂದ. ಆ ಚೀಟಿಯ ಮೇಲೆ ಮೂರು ತಲೆಮಾರು ಉಂಡು, ಈಗ ಹುಡುಗ ಬಂದರೆ ಚರ್ಚಿಗೂ ಕೆಲಸಕ್ಕೂ ಏನು ಸಂಬಂಧ ಅಂತೀವಿ.

ಮಂಗಳೂರಿನ ಕಡೆ ಹೋದರೆ ಇನ್ನೂ ದೊಡ್ಡ ಉದಾಹರಣೆ ಇದೆ. 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರಿಗೆ ಬೇಗನೇ ಒಂದು ವಿಷಯ ಅರ್ಥವಾಯಿತು. ಕ್ರೈಸ್ತನಾದವನು ಜಾತಿಯನ್ನಷ್ಟೇ ಅಲ್ಲ, ಗೇಣಿ ಭೂಮಿಯನ್ನೂ ಕುಲಕಸುಬನ್ನೂ ಕಳಕೊಳ್ಳುತ್ತಾನೆ. ಬರೀ ಪ್ರಾರ್ಥನೆ ಮಾಡಿ ಕಳಿಸಿದರೆ ಅವನು ಬದುಕೋದಿಲ್ಲ. ಅದಕ್ಕೇ ಮುದ್ರಣಾಲಯ, ನೇಯ್ಗೆ, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ. ಅಲ್ಲಿ ಶಿಸ್ತು ಬಿಗಿ ಇತ್ತು, ಜನ ಮಿಷನ್ನಿನ ಮೇಲೇ ಅವಲಂಬಿತರಾದರು ಅನ್ನೋ ಟೀಕೆಗಳಿವೆ. ಅವು ಸುಳ್ಳಲ್ಲ. ಆದರೆ ಮಂಗಳೂರು ಹೆಂಚು ಹೊದಿಸಿದ ಮನೆ ನೋಡಿದಾಗಲೆಲ್ಲ ನನಗನ್ನಿಸೋದು, ನಿರುದ್ಯೋಗಕ್ಕಾಗಿ ಮಾಡಿದ ಪ್ರಾರ್ಥನೆ ಹೀಗೂ ಇರಬಹುದಲ್ಲ ಅಂತ.

ನಾವು ಪ್ರೊಟೆಸ್ಟೆಂಟರು ಪೋಪರ ಪತ್ರ ಓದುವವರಲ್ಲ. ಪಕ್ಕದ ಬೀದಿಯ ಕ್ಯಾಥೊಲಿಕ್ ಸ್ನೇಹಿತ ಕೊಟ್ಟಿದ್ದಕ್ಕೆ ನಾನು ಓದಿದೆ. ಎರಡನೇ ಜಾನ್ ಪಾಲ್ 1981ರಲ್ಲಿ ದುಡಿಮೆಯ ಬಗ್ಗೆಯೇ ಒಂದು ಪತ್ರ ಬರೆದಿದ್ದಾರೆ. ನಿರುದ್ಯೋಗ ಯಾವ ಕಾರಣಕ್ಕಾದರೂ ಕೇಡೇ ಅಂತಾರೆ. ಕೆಲಸ ಇಲ್ಲದವನಿಗೆ ಬದುಕಲು ಬೇಕಾದಷ್ಟು ನೆರವು ಕೊಡೋದು ಸಮಾಜದ ಕರ್ತವ್ಯ, ಅವನ ಬದುಕುವ ಹಕ್ಕಿನಿಂದಲೇ ಅದು ಹುಟ್ಟುತ್ತೆ ಅಂತಾರೆ. ನಮ್ಮ ಗೇಟಿನಲ್ಲಿ ಇದಕ್ಕೆ ಉಲ್ಟಾ. 2024ರ ಜನವರಿಯಲ್ಲಿ ಯುವನಿಧಿ ಶುರುವಾದಾಗ, ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಅದೂ ಹೆಚ್ಚೆಂದರೆ ಎರಡು ವರ್ಷ, ಅದನ್ನು 'ಬಿಟ್ಟಿ ದುಡ್ಡು, ಹುಡುಗರನ್ನ ಸೋಮಾರಿ ಮಾಡ್ತಾರೆ' ಅಂತ ಆಡಿಕೊಂಡವರು ಎಲ್ಲರೂ ಪಿಂಚಣಿದಾರರು. ನಮ್ಮ ಈ ಹುಡುಗನಿಗಂತೂ ಅದೂ ಇಲ್ಲ. 2022-23ರಲ್ಲಿ ಪಾಸಾದವರಿಂದ ಮುಂದಕ್ಕೆ ಆ ಯೋಜನೆ, ಇವನು 2019ರವನು.

ಬಾಗಿಲು ತೆರೆ ಕರ್ತನೇ ಅಂತ ಪ್ರಾರ್ಥಿಸುತ್ತೇವಲ್ಲ, ಯಾವ ಬಾಗಿಲು ಅಂತ ಒಂದು ಸಲವಾದರೂ ಹೇಳ್ತೀವಾ? ಕುಡತಿನಿಯ ಕಡೆ 2010ರ ಸುಮಾರಿಗೆ ಉಕ್ಕಿನ ಕಾರ್ಖಾನೆಗಳಿಗೆ ಅಂತ ಸಾವಿರಾರು ಎಕರೆ ಭೂಮಿ ತಗೊಂಡರು. ಮನೆಗೊಂದು ಕೆಲಸದ ಆಸೆ ಇತ್ತು. ಕಾರ್ಖಾನೆ ಬರಲಿಲ್ಲ, ಭೂಮಿ ಹೋಯಿತು. 2022ರ ಡಿಸೆಂಬರಿನಲ್ಲಿ ಆ ಊರುಗಳವರು ಧರಣಿ ಕೂತರು. ಬಳ್ಳಾರಿಯಿಂದ ಎಷ್ಟು ದೂರ? ನಮ್ಮ ಚರ್ಚಿನ ಪ್ರಾರ್ಥನೆಯಲ್ಲಿ ಇಸ್ರೇಲಿನ ಹೆಸರು ಪ್ರತಿ ವಾರ ಬರುತ್ತೆ, ಕುಡತಿನಿಯ ಹೆಸರು ಬಂದದ್ದು ನಾನು ಕೇಳಿಲ್ಲ. ನಮ್ಮೊಳಗಿನದೇ ಇನ್ನೊಂದು ಬಾಗಿಲಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶಕ್ಕೆ 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು, ಕ್ರೈಸ್ತರಾದ ದಲಿತರನ್ನು ಸೇರಿಸಲಿಲ್ಲ. ಅರ್ಜಿಯ ಆ ಕಾಲಂ ಬಂದಾಗ ನಮ್ಮ ಎಷ್ಟೋ ಮಕ್ಕಳ ಪೆನ್ನು ನಿಲ್ಲುತ್ತೆ. ಅದನ್ನು ಬಲಿಪೀಠದ ಮುಂದೆ ದೊಡ್ಡ ದನಿಯಲ್ಲಿ ಹೇಳಲು ನಮಗೆ ನಾಚಿಕೆ. ಹೇಳಿದರೆ ಚರ್ಚಿನೊಳಗೆ ಯಾರ್ಯಾರು ಯಾವ ಜಾತಿಯಿಂದ ಬಂದವರು ಅನ್ನೋದೂ ಹೊರಗೆ ಬರುತ್ತೆ ನೋಡಿ.

ಪ್ರಾರ್ಥನೆ ಬೇಡ ಅಂತ ನಾನು ಹೇಳ್ತಿದ್ದೇನೆ ಅಂತ ಈಗಾಗಲೇ ಒಬ್ಬಿಬ್ಬರು ಗುಸುಗುಸು ಶುರು ಮಾಡಿರ್ತಾರೆ. ಆ ಹದಿನಾಲ್ಕು ತಿಂಗಳು ನನ್ನನ್ನು ಉಳಿಸಿದ್ದರಲ್ಲಿ ಪ್ರಾರ್ಥನೆಯೂ ಒಂದು. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗಿ, ಬಡ್ಡಿಯವನ ಮುಖ ಕಣ್ಣ ಮುಂದೆ ಬಂದಾಗ, ಬೇರೆ ಯಾರ ಹತ್ತಿರ ಮಾತಾಡಲಿ? ಜಗಳವಾಡಿದ್ದೇನೆ, ಅತ್ತಿದ್ದೇನೆ, ಕೆಲವು ದಿನ ಸುಮ್ಮನೆ ಕೂತಿದ್ದೇನೆ. ಅದು ನನಗೂ ದೇವರಿಗೂ ಇರುವ ವಿಷಯ, ಇಲ್ಲಿ ಬಿಚ್ಚಿ ಹೇಳೋದಿಲ್ಲ. ನನ್ನ ಜಗಳ ಇರೋದು ಇನ್ನೊಬ್ಬನಿಗಾಗಿ ಮಾಡ್ತೀವಿ ಅಂತ ಹೇಳಿ ಅವನ ಕೈ ತೊಳೆದುಕೊಳ್ಳುವ ಪ್ರಾರ್ಥನೆಯ ಜೊತೆ. ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯದಲ್ಲಿ ಇದೇ ಜಗಳ ಇದೆ. ಬಟ್ಟೆ ಊಟ ಇಲ್ಲದ ಸಹೋದರನಿಗೆ, ಸುಖವಾಗಿ ಹೋಗಿ ಬಾ, ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು ಅಂತ ಬಾಯಲ್ಲಿ ಹರಸಿ ಏನೂ ಕೊಡದೇ ಕಳಿಸಿದರೆ ಏನು ಬಂತು ಅಂತ ಕೇಳ್ತಾನೆ. ನಮ್ಮ 'ಬಿಡಪ್ಪ'ನ ಪರಿಚಯ ಅವನಿಗೆ ಚೆನ್ನಾಗಿತ್ತು ಅಂತ ಕಾಣುತ್ತೆ.

ಏನೂ ಕೊಡಲು ಇಲ್ಲದವರು ಏನು ಮಾಡಬೇಕು ಅಂತ ಕೇಳಬಹುದು. ಯೋಬನ ಗೆಳೆಯರು ಬಂದು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಲ್ಲಿವರೆಗೆ ಸರಿಯಾಗೇ ಇದ್ದರು. ಬಾಯಿ ತೆಗೆದ ಮೇಲೆ ಕೆಟ್ಟರು.

ನಾನು ಈ ವಾರ ಕಮಿಟಿಗೆ ಒಂದು ಪತ್ರ ಕೊಟ್ಟಿದ್ದೇನೆ. ತಿಂಗಳ ಮೂರನೇ ಭಾನುವಾರ ಆರಾಧನೆ ಆದ ಮೇಲೆ ಒಳಕೋಣೆಯಲ್ಲಿ ಒಂದು ಗಂಟೆ ಕೂರೋಣ. ನಮ್ಮಲ್ಲಿ ಆಸ್ಪತ್ರೆಯವರಿದ್ದಾರೆ, ಶಾಲೆ ನಡೆಸುವವರಿದ್ದಾರೆ, ಬ್ಯಾಂಕಿನವರಿದ್ದಾರೆ, ಜೀನ್ಸ್ ಹೊಲಿಗೆಯ ಘಟಕ ಇಟ್ಟವರೂ ಇದ್ದಾರೆ. ತಮ್ಮ ಕಡೆ ಖಾಲಿ ಇರುವ ಕೆಲಸ ಯಾವುದು, ಸಂಬಳ ಎಷ್ಟು ಅಂತ ಬೋರ್ಡಿನ ಮೇಲೆ ಬರೆಯಲಿ. ಕೊಯ್ಲಿನ ಹಬ್ಬದ ಹರಾಜಿನ ದುಡ್ಡಿನಲ್ಲಿ ಒಂದು ಪಾಲನ್ನು ಬಾಡಿಗೆ ಕಟ್ಟಲಾಗದವರಿಗೆ, ಹೆಸರು ಹೇಳದೇ, ಬಡ್ಡಿಯಿಲ್ಲದೇ ಕೊಡಲಿ. ಸಾಕ್ಷಿ ಹೇಳಲು ಕೆಲಸ ಸಿಗದವರಿಗೂ ಮೈಕು ಕೊಡಲಿ. ಆಮೇಲೆ ಎಲ್ಲರೂ ಸೇರಿ ಪ್ರಾರ್ಥನೆ ಮಾಡೋಣ, ಎಷ್ಟು ಹೊತ್ತು ಬೇಕಾದರೂ. ಪತ್ರ ತಗೊಂಡ ಕಾರ್ಯದರ್ಶಿಗಳು ಓದಿ, ಮಡಚಿ, ಜೇಬಿಗಿಟ್ಟುಕೊಂಡು, "ಪ್ರಾರ್ಥ್ನೆ ಮಾಡೋಣ ಬಿಡ್ರಿ ಬ್ರದರ್" ಅಂದರು.

ಹುಡುಗನ ಅರ್ಜಿಯ ನಾಲ್ಕು ಪ್ರತಿ ನನ್ನ ಹತ್ತಿರ ಇವೆ. ಮಂಗಳವಾರ ರಜೆ ಹಾಕಿದ್ದೇನೆ. ಸ್ಕೂಟರಿಗೆ ಪೆಟ್ರೋಲ್ ಹಾಕಿಸಬೇಕು.